ಅಲಗು ಮತ್ತು ಅದರ ಪೀಠ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯೊಬ್ಬನ ಲೇಖನ ಬೇಕೆಂದು ಗುರುಗಳು ಹೇಳಿಕಳುಹಿಸಿದಾಗ ನಾವು ಹಿಂಜರಿದುದು ನಿಜ. ರಾತ್ರಿಶಾಲೆಯ ಇದೇ ಬೆಂಚುಗಳ ಮೇಲೆ ಕುಳಿತು ಓದಿ ವಕೀಲರಾದವರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ, ಹಗಲು ತಟ್ಟೆ ಎತ್ತಿ ಇರುಳು ಓದಿ ಕಡೆಗೆ ಅಂಥದೇ ಹೋಟೆಲಿನ ಒಡೆಯರಾದವರೂ ಇದ್ದಾರೆ. ಅವರಿಗೆ ಹೇಳಲು ಎಷ್ಟೋ ಸಂಗತಿಗಳುಂಟು. ನಾವಾದರೋ ನಲವತ್ತು ವರ್ಷ ಉಕ್ಕನ್ನು ಕೊರೆದವರು. ನಮಗೆ ಚೆನ್ನಾಗಿ ಗೊತ್ತಿರುವುದು ಅಡಿಕೆಯ ಹೋಳಿನಷ್ಟು ಗಾತ್ರದ ಒಂದು ಅಲಗು, ಮತ್ತು ಅದನ್ನು ಅಲುಗಾಡದಂತೆ ಹಿಡಿದಿಡುವ ಬಗೆ. ಇದೂ ಒಂದು ವಿಷಯವೇ ಎಂದು ನೀವು ಕೇಳಬಹುದು. ಆ ಹಿಡಿತದ ಸಂಬಂಧವಾಗಿ ನಾವು ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಅನ್ಯಾಯ ಮಾಡಿದೆವು. ಅದನ್ನು ಹೇಳಬೇಕಾದರೆ ಮೊದಲು ಅಲಗನ್ನು ಕುರಿತು ಹೇಳಲೇಬೇಕು.

ಕಿರಿಯ ಮಿತ್ರರೆ, ನೀವು ನಗರದಲ್ಲಿ ಹುಟ್ಟಿ ಬೆಳೆದವರಾದರೂ ರಜೆಯಲ್ಲಿ ಊರಿಗೆ ಹೋದಾಗ ಹಿತ್ತಲಿನ ಮೂಲೆಯಲ್ಲಿ ಹಳೆಯ ನೇಗಿಲೊಂದನ್ನು ಕಂಡಿರಬಹುದು. ನೇಗಿಲು ಮರದ್ದು, ಅದರ ಮೂತಿಗೆ ಮಾತ್ರ ಕಬ್ಬಿಣದ ಕುಳ. ಕುಳ ಮೊಂಡಾದರೆ ರೈತನು ನೇಗಿಲನ್ನೇ ಹೊತ್ತು ಕಮ್ಮಾರನಲ್ಲಿಗೆ ಹೋಗುವುದಿಲ್ಲ. ಕುಳವೊಂದನ್ನೇ ಕಳಚಿ ಒಯ್ದು, ಕಾಯಿಸಿ ತಟ್ಟಿಸಿ ತಂದು, ಮತ್ತೆ ತೊಡಿಸುತ್ತಾನೆ. ಸವೆಯುವುದು ಯಾವುದೋ ಅದಷ್ಟನ್ನೇ ಬೇರ್ಪಡುವಂತೆ ಮಾಡಿಟ್ಟುಕೊಳ್ಳುವ ಈ ಬುದ್ಧಿ ಬಹಳ ಪುರಾತನವಾದದ್ದು. 1903ರಲ್ಲಿ ಅಮೆರಿಕದ ಜಿಲೆಟ್ ಎಂಬವರು ಬಳಸಿ ಎಸೆಯುವ ತೆಳು ಅಲಗಿನ ಕ್ಷೌರದ ಕತ್ತಿಯನ್ನು ಮಾರಾಟಕ್ಕೆ ತಂದಾಗ ಲೋಕವು ಬೆರಗಾಯಿತೆನ್ನುತ್ತಾರೆ. ನಮ್ಮ ರೈತನು ಅಷ್ಟು ಬೆರಗಾಗುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ಲೇತ್ ಯಂತ್ರದಲ್ಲಿ ಉಕ್ಕಿನ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಅಲಗು ತಿರುಗುವುದಿಲ್ಲ, ಅದು ಒಂದು ಸರಳಿನ ತುದಿಯಲ್ಲಿ ಗಟ್ಟಿಯಾಗಿ ನಿಂತು, ತಿರುಗುವ ಉಕ್ಕಿನ ಮೈಯಿಂದ ಕಬ್ಬಿನ ಸಿಪ್ಪೆ ಹೆರೆದಂತೆ ಲೋಹವನ್ನು ಹೆರೆಯುತ್ತ ಸಾಗುತ್ತದೆ. ಉಕ್ಕನ್ನು ಹೆರೆಯಬೇಕಾದರೆ ಅಲಗು ಉಕ್ಕಿಗಿಂತಲೂ ಗಟ್ಟಿಯಾಗಿರಬೇಕು. ಹೆರೆಯುವಾಗ ಹುಟ್ಟುವ ಕಾವಿನಲ್ಲಿಯೂ ಗಟ್ಟಿಯಾಗಿಯೇ ಉಳಿಯಬೇಕು. ಟೇಲರ್ ಮತ್ತು ವೈಟ್ ಎಂಬ ಇಬ್ಬರು ಅಮೆರಿಕನ್ನರು ಸಿದ್ಧಪಡಿಸಿದ ಉಕ್ಕಿನ ಅಲಗು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತುದಿ ಕೆಂಪಗೆ ಕಾದರೂ ಕೊರೆಯುತ್ತಲೇ ಇದ್ದುದನ್ನು ಕಂಡು ಯಂತ್ರಜ್ಞರು ಬೆಕ್ಕಸಬೆರಗಾದರು. ಅದನ್ನೂ ಮೀರಿಸಿದ ವಸ್ತು ಜರ್ಮನಿಯಲ್ಲಿ ಹುಟ್ಟಿತು. ವಿದ್ಯುದ್ದೀಪಗಳ ತಂತಿ ಎಳೆಯಲು ಅಚ್ಚುಗಳನ್ನು ಮಾಡುವ ಪ್ರಯತ್ನದಲ್ಲಿ, ಓಸ್ರಾಮ್ ಸಂಸ್ಥೆಯ ಕಾರ್ಲ್ ಶ್ರೋಟರ್ ಎಂಬವರು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಲೋಹದ ಪುಡಿಯನ್ನು ಬೆರೆಸಿ, ಒತ್ತಿ, ಮಹಾ ಕಾವಿನಲ್ಲಿ ಬೇಯಿಸಿ ಗಟ್ಟಿಮಾಡುವ ವಿಧಾನವನ್ನು 1923ರಲ್ಲಿ ಕಂಡುಹಿಡಿದರು. ಕ್ರುಪ್ ಸಂಸ್ಥೆಯು 1926ರಲ್ಲಿ ಅದನ್ನು ‘ವಿಡಿಯಾ’ ಎಂಬ ಹೆಸರಿನಿಂದ ಮಾರಲು ತೊಡಗಿತು. ‘ವಜ್ರದಂತೆ’ ಎಂಬರ್ಥದ ಎರಡು ಜರ್ಮನ್ ಪದಗಳ ಸಂಕ್ಷೇಪ ಅದು. ಭಾರತದ ಲೇತ್ ಕೆಲಸಗಾರರಿಗೆ ಇಂದಿಗೂ ಈ ವಸ್ತುವನ್ನು ಯಾರೇ ಮಾಡಿರಲಿ, ಅದು ವಿಡಿಯಾವೇ. ಆ ಹೆಸರಿನ ಕಾರಖಾನೆ 1964ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತೆಂಬುದನ್ನು ನಾವು ಕುರ್ಲಾದ ಕೆಲಸಗಾರರ ಮುಂದೆ ಸ್ವಲ್ಪ ಗರ್ವದಿಂದಲೇ ಹೇಳಿಕೊಳ್ಳುತ್ತಿದ್ದೆವು. ಅದರಿಂದ ನಮಗೆ ಚಹಾ ಒಂದೂ ಹೆಚ್ಚಾಗಿ ಸಿಕ್ಕಿದ್ದಿಲ್ಲ.

ಕುರ್ಲಾದ ಆ ಗಾಲಾದಲ್ಲಿ ನಾಲ್ಕು ಲೇತುಗಳಿದ್ದವು. ನಾವು ಕೆಲಸ ಕಲಿತದ್ದು ಪಂಜಾಬಿನ ಬಟಾಲಾದಲ್ಲಿ ತಯಾರಾದ ಒಂದರ ಮೇಲೆ. ಅಲ್ಲಿಯ ಹಿರಿಯ ಮಿಸ್ತ್ರಿ ಬೆಳಗಾವಿಯ ಕಡೆಯವರು; ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ವಿಡಿಯಾದ ಚೂರನ್ನು ಉಕ್ಕಿನ ಸರಳಿನ ತುದಿಗೆ ಹಿತ್ತಾಳೆಯಿಂದ ಬೆಸೆಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾವು ಕಾಣೆವು. ಬಿಳಿಗಾರವನ್ನು ಉದುರಿಸಿ, ಉರಿಯನ್ನು ಹದಮಾಡಿ, ಹಿತ್ತಾಳೆ ಕರಗಿ ಸಂದಿಯಲ್ಲಿ ಎಣ್ಣೆಯಂತೆ ಹರಿಯುವ ಕ್ಷಣವನ್ನು ಅವರು ಕಣ್ಣಿನಿಂದಲ್ಲ, ವಾಸನೆಯಿಂದ ತಿಳಿಯುತ್ತಿದ್ದರೋ ಎನಿಸುತ್ತಿತ್ತು. ಆಮೇಲೆ ಹಸಿರು ಸಾಣೆಕಲ್ಲಿನ ಮೇಲೆ ಅಂಚನ್ನು ಹರಿತಗೊಳಿಸುವ ಕಾರ್ಯ. ಆ ಹೊತ್ತಿನಲ್ಲಿ ಅವರೊಡನೆ ಮಾತನಾಡುವ ಧೈರ್ಯ ಸೇಠರಿಗೂ ಇರಲಿಲ್ಲ.

ಆದರೆ ಬೆಸುಗೆಯ ಅಲಗಿನಲ್ಲಿ ಹುಟ್ಟಿನಿಂದಲೇ ಒಂದು ದೋಷವುಂಟು. ಕಾದಾಗ ಉಕ್ಕು ಹಿಗ್ಗುವುದರಲ್ಲಿ ಸುಮಾರು ಅರ್ಧದಷ್ಟೇ ವಿಡಿಯಾ ಹಿಗ್ಗುತ್ತದೆ. ಕಾದಿರುವಾಗ ಎರಡೂ ಒಂದಾಗಿ ಅಂಟಿಕೊಳ್ಳುತ್ತವೆ. ಆರುವಾಗ ಉಕ್ಕು ಹೆಚ್ಚು ಕುಗ್ಗಿ ವಿಡಿಯಾವನ್ನು ಜಗ್ಗುತ್ತದೆ. ಒಂದೇ ಹಗ್ಗಕ್ಕೆ ಕಟ್ಟಿದ ಎತ್ತು ಮತ್ತು ಎಮ್ಮೆಯ ಹಾಗೆ ಈ ಜಗ್ಗಾಟ ಅಲಗಿನೊಳಗೆ ಸದಾ ಇದ್ದೇ ಇರುತ್ತದೆ. ಕಣ್ಣಿಗೆ ಕಾಣದ ಬಿರುಕು ಎಂದೋ ಬಿದ್ದಿರುತ್ತದೆ, ಇನ್ನೆಂದೋ ಬಾಯಿಬಿಡುತ್ತದೆ. ಮತ್ತೊಂದು ತೊಡಕೂ ಇತ್ತು. ಅಂಚು ಮೊಂಡಾದಾಗಲೆಲ್ಲ ಸರಳನ್ನು ಕಳಚಬೇಕು, ಸಾಣೆ ಹಿಡಿಯಬೇಕು, ಮತ್ತೆ ಕಟ್ಟಿ ಎತ್ತರ ಹೊಂದಿಸಬೇಕು, ಅಳತೆಗಳನ್ನೆಲ್ಲ ಮೊದಲಿನಿಂದ ಹಿಡಿಯಬೇಕು. ಕೊರೆಯುವುದಕ್ಕಿಂತ ಕೊರೆಯುವ ಸಿದ್ಧತೆಗೇ ಹೊತ್ತು ಹೋಗುತ್ತಿತ್ತು.

ಈ ಎರಡು ಕಷ್ಟಗಳಿಗೂ ಒಂದೇ ಪರಿಹಾರ: ಅಲಗನ್ನು ಬೆಸೆಯಬೇಡ, ಹಿಡಿದಿಡು. ಸರಳಿನ ತುದಿಯಲ್ಲಿ ಅಲಗಿನ ಆಕಾರಕ್ಕೆ ತಕ್ಕ ಗೂಡೊಂದನ್ನು ಕೆತ್ತು. ಆ ಗೂಡಿನಲ್ಲಿ ಅಲಗನ್ನು ಕೂರಿಸು. ಒಂದು ಮೂಲೆ ಸವೆದರೆ ಬಿಚ್ಚಿ ಇನ್ನೊಂದು ಮೂಲೆಯನ್ನು ಮುಂದಕ್ಕೆ ತಿರುಗಿಸು. ಎಲ್ಲ ಮೂಲೆಗಳೂ ತೀರಿದರೆ ಎಸೆದು ಹೊಸದನ್ನು ಹಾಕು. ಕಾರಖಾನೆಗಳಲ್ಲಿ ಇದಕ್ಕೆ ಇನ್ಸರ್ಟ್ ಎಂದು ಹೆಸರು. ತ್ರಿಕೋನದ ಇನ್ಸರ್ಟಿನಲ್ಲಿ ಮೇಲೆ ಮೂರು, ಮಗುಚಿದರೆ ಮೂರು, ಒಟ್ಟು ಆರು ಮೂಲೆಗಳನ್ನು ಬಳಸಬಹುದು, ಚೌಕದಲ್ಲಿ ಎಂಟು. ಕೇಳುವುದಕ್ಕೆ ಎಷ್ಟು ಸುಲಭ! ಆದರೆ ಬೆಸುಗೆ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡಬೇಕು? ಇಲ್ಲಿಂದ ಮುಂದೆ ಯಂತ್ರಶಿಲ್ಪಿಗಳ ಜಾಣ್ಮೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೂ ತಿರುಗಿದೆ.

ಎಲ್ಲಕ್ಕಿಂತ ಸರಳವಾದ ಬಗೆಯೆಂದರೆ ಮೇಲಿನಿಂದ ಒಂದು ಬೆರಳಿನಂಥ ಕ್ಲಾಂಪಿನಿಂದ ಅಲಗನ್ನು ಅದುಮಿ ಹಿಡಿಯುವುದು. ಹೋಲ್ಡರಿನ ಸಂಕೇತದಲ್ಲಿ ಇದಕ್ಕೆ ‘ಸಿ’ ಅಕ್ಷರ. ಅಲಗಿನಲ್ಲಿ ರಂಧ್ರ ಬೇಕಿಲ್ಲವಾದ್ದರಿಂದ, ರಂಧ್ರ ಕೊರೆದರೆ ದುರ್ಬಲವಾಗುವ ಪಿಂಗಾಣಿ ಜಾತಿಯ ಅಲಗುಗಳಿಗೆ ಇದು ಇಂದಿಗೂ ಒಪ್ಪುತ್ತದೆ. ಆದರೆ ಹೆರೆದ ಲೋಹದ ಸುರುಳಿ ಹರಿದುಹೋಗುವ ದಾರಿಯಲ್ಲಿಯೇ ಈ ಬೆರಳು ಅಡ್ಡ ನಿಂತಿರುತ್ತದೆ; ಸುರುಳಿಗಳು ಅದನ್ನು ಉಜ್ಜಿ ಉಜ್ಜಿ ಸವೆಸುತ್ತವೆ. ಅಲಗಿನ ನಡುವೆ ರಂಧ್ರವಿಟ್ಟು, ರಂಧ್ರದಲ್ಲಿ ಒಂದು ಗೂಟ ನಿಲ್ಲಿಸಿ, ಮೇಲಿನಿಂದ ಕ್ಲಾಂಪನ್ನೋ ಪಕ್ಕದಿಂದ ಬೆಣೆಯನ್ನೋ ಒತ್ತಿ ಹಿಡಿಯುವ ಬಗೆಯೂ ಉಂಟು. ಅದು ‘ಎಂ’. ಒರಟು ಕೆಲಸಕ್ಕೆ ಬಲವಾದದ್ದು, ನೋಡಲು ಅಂದವಿಲ್ಲ. ಪಟ್ಟಿಯಂಥ ತೆಳು ಸರಳಿನ ಬಾಯಿಯೇ ಇಕ್ಕಳದಂತೆ ತನ್ನ ಪುಟಿಯುವ ಗುಣದಿಂದಲೇ ಅಲಗನ್ನು ಕಚ್ಚಿ ಹಿಡಿಯುವ ಬಗೆ ಇನ್ನೊಂದು. ಸರಳುಗಳನ್ನು ತುಂಡರಿಸುವಾಗ ಅದನ್ನು ಬಳಸುತ್ತಾರೆ. ಅದಕ್ಕೆ ತಿರುಪೂ ಬೇಡ, ಸನ್ನೆಯೂ ಬೇಡ. ಕೊರೆಯುವ ಒತ್ತಡವೇ ಅಲಗನ್ನು ಒಳಕ್ಕೆ ತಳ್ಳುತ್ತದೆ.

ನಮ್ಮ ಮನಸ್ಸನ್ನು ಸೆಳೆದದ್ದು ‘ಪಿ’ ಎಂಬ ಅಕ್ಷರದ ಬಗೆ, ಎಂದರೆ ಸನ್ನೆಯ ಹಿಡಿತ. ನಮ್ಮ ಗಾಲಾಕ್ಕೆ ಬಂದ ಮೊದಲನೆಯ ಹೋಲ್ಡರು ಅದೇ ಜಾತಿಯದು. ಗೂಡಿನ ತಳದಲ್ಲಿ ಶಿಮ್ ಎಂಬ ಒಂದು ಗಟ್ಟಿಯಾದ ಬಿಲ್ಲೆ. ನಾವು ಅದನ್ನು ಪೀಠವೆನ್ನೋಣ. ಅದರ ನಡುವಿನ ರಂಧ್ರದ ಮೂಲಕ ಮಂಡಿ ಮಡಿಚಿದ ಕಾಲಿನಂಥ ಒಂದು ಪುಟ್ಟ ಸನ್ನೆ ಕೆಳಗಿನಿಂದ ತಲೆಯೆತ್ತಿ ನಿಂತಿರುತ್ತದೆ. ಅಲಗನ್ನು ಪೀಠದ ಮೇಲಿಟ್ಟರೆ ಸನ್ನೆಯ ತಲೆ ಅಲಗಿನ ರಂಧ್ರದೊಳಗೆ ಸೇರಿಕೊಳ್ಳುತ್ತದೆ. ಪಕ್ಕದ ತಿರುಪನ್ನು ಕೆಳಕ್ಕಿಳಿಸಿದರೆ ಅದು ಸನ್ನೆಯ ಅಡ್ಡತೋಳನ್ನು ತುಳಿಯುತ್ತದೆ. ಏತದ ಮರವನ್ನು ಒಂದು ಕಡೆ ತುಳಿದರೆ ಇನ್ನೊಂದು ಕಡೆ ಚಲಿಸುವ ಹಾಗೆ, ನೆಟ್ಟಗಿರುವ ತೋಳು ಹಿಂದಕ್ಕೆ ವಾಲಿ, ಅಲಗನ್ನು ಗೂಡಿನ ಎರಡು ಗೋಡೆಗಳ ನಡುವಣ ಮೂಲೆಗೆ ಎಳೆದು ಕೂರಿಸುತ್ತದೆ. ಮೇಲೆ ಯಾವ ಅಡ್ಡಿಯೂ ಇಲ್ಲ. ತಿರುಪನ್ನು ಪೂರ್ತಿ ಕಳಚಬೇಕಾಗಿಯೂ ಇಲ್ಲ. ಒಂದೆರಡು ಸುತ್ತು ಸಡಿಲಿಸಿದರೆ ಅಲಗು ಕೈಗೆ ಬರುತ್ತದೆ. ನಾವು ಕೆಲಸವಿಲ್ಲದಾಗ ಆ ತಿರುಪನ್ನು ಸುಮ್ಮನೆ ಏರಿಸಿ ಇಳಿಸಿ, ಒಳಗೆ ಅಡಗಿದ ಸನ್ನೆ ತಲೆಯಾಡಿಸುವುದನ್ನು ನೋಡುತ್ತ ಕುಳಿತುಬಿಡುತ್ತಿದ್ದೆವು.

‘ಎಸ್’ ಎಂಬುದು ಇನ್ನೂ ಸರಳ: ಅಲಗಿನ ನಡುವಿನಿಂದಲೇ ಒಂದು ತಿರುಪನ್ನು ಇಳಿಸಿ ಬಿಗಿಯುವುದು. ಇದರಲ್ಲಿಯೂ ಒಂದು ಗುಟ್ಟಿದೆ. ಗೂಡಿನಲ್ಲಿರುವ ತಿರುಪಿನ ರಂಧ್ರವು ಅಲಗಿನ ರಂಧ್ರದ ನೇರ ಕೆಳಗಿರುವುದಿಲ್ಲ. ಗೋಡೆಯ ಕಡೆಗೆ ಕೂದಲೆಳೆಯಷ್ಟು ಸರಿದಿರುತ್ತದೆ. ಆದ್ದರಿಂದ ಇಳಿಜಾರು ತಲೆಯ ತಿರುಪು ಒಳಗಿಳಿಯುತ್ತಿದ್ದಂತೆ ಅಲಗನ್ನು ಕೆಳಕ್ಕೂ ಒತ್ತುತ್ತದೆ, ಗೋಡೆಗೂ ಒತ್ತುತ್ತದೆ. ಮೊದಲ ಸಲ ಇದನ್ನು ಕಂಡವರು ರಂಧ್ರ ತಪ್ಪಾಗಿ ಕೊರೆದಿದ್ದಾರೆಂದೇ ತಿಳಿಯುತ್ತಾರೆ.

ಈಗ ರಾತ್ರಿಶಾಲೆಯ ಗಣಿತವನ್ನು ಸ್ವಲ್ಪ ಬಳಸೋಣ. ಸಾಧಾರಣ ಉಕ್ಕಿನಲ್ಲಿ 3 ಮಿಲಿಮೀಟರು ಆಳ, ಸುತ್ತೊಂದಕ್ಕೆ 0.3 ಮಿಲಿಮೀಟರು ಮುನ್ನಡೆ ಎಂದಿಟ್ಟುಕೊಳ್ಳಿ. ಹೆರೆಯುವ ಲೋಹದ ಅಡ್ಡಕೊಯ್ತ 0.9 ಚದರ ಮಿಲಿಮೀಟರು. ಚದರ ಮಿಲಿಮೀಟರಿಗೆ ಸುಮಾರು 2,000 ನ್ಯೂಟನ್ನಿನಂತೆ ಹಿಡಿದರೂ ಅಲಗಿನ ತುದಿಯ ಮೇಲೆ 1,800 ನ್ಯೂಟನ್ ಬೀಳುತ್ತದೆ. ಅದು ಎರಡು ಕ್ವಿಂಟಲಿಗೆ ಸಮೀಪದ ಭಾರ. ಅಡಿಕೆಯ ಹೋಳಿನ ಒಂದು ಮೂಲೆಯ ಮೇಲೆ ಎರಡು ದೊಡ್ಡ ಅಕ್ಕಿಮೂಟೆಗಳು ಕುಳಿತ ಹಾಗೆ! ಇದನ್ನು ಆ ಪುಟ್ಟ ತಿರುಪು ಹೊರುತ್ತದೆಯೆ? ಇಲ್ಲ. ತಿರುಪನ್ನು ಬಿಗಿಯುವುದಕ್ಕೆ ತಯಾರಕರು ಹೇಳುವ ಬಲವೇ ಬಹಳ ಸಣ್ಣದು. ಸಾಮಾನ್ಯ ಗಾತ್ರದ ಅಲಗಿನ ತಿರುಪಿಗೆ ಸುಮಾರು 3 ನ್ಯೂಟನ್ ಮೀಟರು, ಎಂದರೆ ಒಂದು ಮೀಟರು ಉದ್ದದ ಕೋಲಿನ ತುದಿಗೆ ಮುನ್ನೂರು ಗ್ರಾಮು ಬೆಲ್ಲವನ್ನು ತೂಗುಹಾಕಿದಷ್ಟು. ಕೊರೆಯುವ ಭಾರದ ಬಹುಭಾಗ ಕೆಳಮುಖವಾದದ್ದು. ಅದನ್ನು ಹೊರುವುದು ಪೀಠ. ಉಳಿದ ಒತ್ತಡವನ್ನು ಹೊರುವುದು ಗೂಡಿನ ಎರಡು ಗೋಡೆಗಳು. ತಿರುಪಿನ ಕೆಲಸ ಅಲಗು ತನ್ನ ಪೀಠವನ್ನು ಬಿಟ್ಟೇಳದಂತೆ ನೋಡಿಕೊಳ್ಳುವುದು, ಅಷ್ಟೇ. ಹೊಸಬರು ಇದನ್ನು ತಿಳಿಯದೆ ತಿರುಪನ್ನೇ ನಂಬುತ್ತಾರೆ. ಕೀಲಿಗೆ ಕೊಳವೆ ಸಿಕ್ಕಿಸಿ ಮೈಯ ಭಾರವನ್ನೆಲ್ಲ ಹಾಕಿ ಬಿಗಿಯುತ್ತಾರೆ. ನಾವೂ ಹಾಗೆಯೇ ನಂಬಿದ್ದೆವು.

ವಿಡಿಯಾ ಒತ್ತಡವನ್ನು ಸಹಿಸುವುದರಲ್ಲಿ ಅಸಾಧ್ಯ ಗಟ್ಟಿಗ. ಬಾಗುವಿಕೆಯನ್ನು ಸಹಿಸುವುದರಲ್ಲಿ ಅಷ್ಟೇ ಬಡವ. ಕಡಪದ ಚಪ್ಪಡಿಯನ್ನು ಸಮಮಾಡಿದ ನೆಲದ ಮೇಲೆ ಹಾಸಿದರೆ ಆನೆ ನಡೆದರೂ ತಾಳೀತು. ಅಡಿಯಲ್ಲಿ ಒಂದು ಬೆಣಚುಕಲ್ಲು ಉಳಿದರೆ ಮಗು ಕುಣಿದರೂ ಬಿರಿಯಬಹುದು. ಅಲಗಿನ ವಿಷಯವೂ ಹೀಗೆಯೇ.

1983ರ ಮಾರ್ಚ್ ತಿಂಗಳ ಮಾತು. ಹಿಂದಿನ ವರ್ಷ ಜನವರಿಯಲ್ಲಿ ತೊಡಗಿದ ಗಿರಣಿ ಕಾಮಗಾರರ ಮುಷ್ಕರದಿಂದ ಗಿರಣಿಗಳ ಬಿಡಿಭಾಗಗಳ ಕೆಲಸ ನಿಂತುಹೋಗಿ, ನಮ್ಮ ಗಾಲಾ ಹಳೆಯ ಪಂಪುಗಳ ದುರಸ್ತಿಯಿಂದ ಹೇಗೋ ಉಸಿರಾಡುತ್ತಿತ್ತು. ಸವೆದ ಪಂಪಿನ ದಂಡಕ್ಕೆ ವೆಲ್ಡಿಂಗಿನಿಂದ ಲೋಹವನ್ನು ತುಂಬಿ, ಬೇರಿಂಗು ಕೂರುವ ಜಾಗವನ್ನು ಮತ್ತೆ ಅಳತೆಗೆ ಹೆರೆಯಬೇಕು. ವೆಲ್ಡಿಂಗಿನ ಮೈ ಹಲಸಿನ ಹಣ್ಣಿನ ಹಾಗೆ. ಅಲಗಿಗೆ ಸುತ್ತುಸುತ್ತಿಗೂ ಏಟು. ಸೇಠರು ಸಾಲ ಮಾಡಿ ತಂದ ಹೊಸ ಹೋಲ್ಡರನ್ನು ನಮ್ಮ ಲೇತಿಗೆ ಕಟ್ಟಿದ್ದರು. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಹೇಳಿದ್ದರು: “ಛಲೋ ಐತಿ. ಆದ್ರ ಇದು ಸ್ವಚ್ಛ ಮನಿಯಾಗ ಬಾಳೂ ಸೊಸಿ.” ಸಾಣೆಯ ವಿದ್ಯೆಗೆ ಇನ್ನು ಬೆಲೆಯಿಲ್ಲವಾಯಿತೆಂಬ ನೋವಿನ ಮಾತು ಅದೆಂದು ನಾವು ಎಣಿಸಿದೆವು, ಅದರ ಅರ್ಥವನ್ನು ವಿಚಾರಿಸಲಿಲ್ಲ.

ಅಂದು ಸಂಜೆ ಆರು ಗಂಟೆ. ಏಳಕ್ಕೆ ಶಾಲೆ, ಅಂದು ಬೀಜಗಣಿತದ ಪಾಠ, ಎಸ್.ಎಸ್.ಸಿ. ಪರೀಕ್ಷೆ ತಲೆಯ ಮೇಲಿತ್ತು. ದಂಡದ ಮೇಲೆ ಇನ್ನೊಂದೇ ಸಲ ಅಲಗು ಹರಿಯಬೇಕು, ಮೂಲೆ ಮೊಂಡಾಯಿತು. ನಾವು ತಿರುಪು ಸಡಿಲಿಸಿ, ತ್ರಿಕೋನದ ಅಲಗನ್ನು ತಿರುಗಿಸಿ, ಹೊಸ ಮೂಲೆಯನ್ನು ಮುಂದಕ್ಕೆ ಮಾಡಿ ಪೀಠದ ಮೇಲೆ ಇಟ್ಟೆವು. ಪೀಠವನ್ನು ಒರೆಸಲಿಲ್ಲ. ಬಾಯಿಂದ ಊದಲೂ ಇಲ್ಲ. ನಮ್ಮ ಬಳಿ ಕಲಬುರ್ಗಿಯ ಕಡೆಯಿಂದ ಹೊಸತಾಗಿ ಬಂದಿದ್ದ ಹದಿನಾರರ ಹುಡುಗನೊಬ್ಬ ಸಹಾಯಕ್ಕೆ ನಿಂತಿದ್ದ. ಕೀಲಿಯನ್ನು ಅವನ ಕೈಗೆ ಕೊಟ್ಟು “ಬಿಗಿ” ಎಂದು ಹೇಳಿ, ನಾವು ಹೊತ್ತು ಉಳಿಸಲು ಕೈ ತೊಳೆಯಲು ಹೋದೆವು. ಆ ಹುಡುಗನಿಗೆ ಕೀಲಿ ಸಿಕ್ಕಿದ್ದು ಅದೇ ಮೊದಲು. ಅವನು ಹಲ್ಲು ಕಚ್ಚಿ ಬಿಗಿದ.

ಲೇತ್ ಆರಂಭಿಸಿ ಅರ್ಧ ನಿಮಿಷವೂ ಆಗಿರಲಿಲ್ಲ. ಮಡಕೆ ಒಡೆದಂಥ ಸದ್ದು. ಅಲಗು ಮೂರು ಹೋಳಾಗಿತ್ತು. ಹೋಲ್ಡರಿನ ಮೂತಿ ದಂಡದ ಮೈಗೆ ನುಗ್ಗಿ ಅಳತೆಗಿಂತ ಆಳವಾದ ಗಾಯ ಮಾಡಿತ್ತು. ಒಂದು ಚೂರು ಸಿಡಿದು ಹುಡುಗನ ಕೆನ್ನೆಗೆ, ಕಣ್ಣಿಗಿಂತ ಎರಡು ಬೆರಳು ಕೆಳಗೆ, ತಗಲಿತ್ತು. ಗಾಜಿನ ಕನ್ನಡಕ ಧರಿಸುವ ಪದ್ಧತಿ ನಮ್ಮಲ್ಲಿ ಆಗ ಇರಲಿಲ್ಲ. ನೀವು ಎಂದಾದರೂ ಯಂತ್ರದ ಬಳಿಗೆ ಹೋದರೆ ಅದಿಲ್ಲದೆ ನಿಲ್ಲಬೇಡಿರಿ.

ಸೇಠರು ಓಡಿ ಬಂದರು. ಮೊದಲು ದಂಡವನ್ನು ನೋಡಿದರು, ಆಮೇಲೆ ಹುಡುಗನನ್ನು. “ತಿರುಪು ಬಿಗಿದವರು ಯಾರು?” ಎಂದು ಕೇಳಿದರು. “ಹುಡುಗ ಬಿಗಿದ” ಎಂದೆವು.

ಇಲ್ಲಿ ಒಂದು ಮಾತು. ಪ್ರಬಂಧದಲ್ಲಿ ‘ನಾನು’ ಎಂದು ಬರೆದರೆ ಕೆಂಪು ಶಾಯಿಯಿಂದ ಗೆರೆ ಎಳೆಯುತ್ತಿದ್ದ ನಮ್ಮ ಕನ್ನಡ ಮಾಸ್ತರರ ಭಯದಿಂದ ಇಂದಿಗೂ ನಾವು ‘ನಾವು’ ಎಂದೇ ಬರೆಯುತ್ತೇವೆ. ತಪ್ಪನ್ನು ಹೇಳುವಾಗ ಈ ಬಹುವಚನ ಅದನ್ನು ಹಲವರಿಗೆ ಹಂಚಿದಂತೆ ಕಂಡೀತು. ಹಾಗೆ ಎಣಿಸಬೇಡಿರಿ, ಅಂದು ಆ ಮಾತನಾಡಿದ ಬಾಯಿ ಒಂದೇ.

ಆ ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲವೆಂಬುದೇ ಅದರ ಕೆಡುಕು. ತಿರುಪನ್ನು ಹುಡುಗನೇ ಬಿಗಿದದ್ದು ನಿಜವಷ್ಟೆ? ಹುಡುಗನು ಸಡಿಲ ಬಿಟ್ಟ, ಅಲಗು ಅಲುಗಿತು, ಮುರಿಯಿತು ಎಂದು ಸೇಠರು ತಾವೇ ಕೂಡಿಸಿಕೊಂಡರು. ಅವನ ಕೆನ್ನೆಗೆ ಎರಡು ಹೊಲಿಗೆ ಬಿದ್ದವು. ಹದಿನೈದು ದಿನದ ಪಗಾರ ದಂಡದ ಲೆಕ್ಕಕ್ಕೆ ಜಮೆಯಾಯಿತು. ನಾವು ಶಾಲೆಗೆ ಹೋದೆವು. ಕಪ್ಪುಹಲಗೆಯ ಮೇಲೆ ಏನಿತ್ತೆಂಬುದು ನಮಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ನಾವು ಹೋದಾಗ ಕಾಕಾ ಕಿಟಕಿಯ ಬೆಳಕಿನಲ್ಲಿ ನಿಂತು, ಮುರಿದ ಹೋಲ್ಡರನ್ನು ಮುಂದಿಟ್ಟುಕೊಂಡು, ಅದರ ತಿರುಪಿಗೆ ಕೀಲಿ ಹಾಕಿ ಮೆಲ್ಲನೆ ತಿರುಗಿಸಿ ನೋಡುತ್ತಿದ್ದರು. ತಿರುಪು ಜಗ್ಗಲಿಲ್ಲ. ಬಹಳ ಬಲ ಹಾಕಿದ ಮೇಲೆ ಕಿರುಗುಟ್ಟುತ್ತ ಬಿಟ್ಟಿತು. ಪೀಠವನ್ನು ಕಳಚಿ ಅಂಗೈಯಲ್ಲಿಟ್ಟು ನಮ್ಮ ಮುಂದೆ ಹಿಡಿದರು. ಅದರ ಒಂದು ಮೂಲೆ ಒಡೆದಿತ್ತು. ಅದರ ಪಕ್ಕದಲ್ಲಿ, ಸುಟ್ಟ ನೀಲಿ ಬಣ್ಣದ ಉಕ್ಕಿನ ಒಂದು ಚೂರು, ಅಕ್ಕಿಯ ನುಚ್ಚಿನಷ್ಟು, ಅಪ್ಪಚ್ಚಿಯಾಗಿ ಪೀಠಕ್ಕೆ ಅಂಟಿಕೊಂಡಿತ್ತು.

“ತಿರಪು ಬಿಗೀನ ಐತಿ. ಹುಡುಗ ಬರೊಬ್ಬರಿ ಬಿಗದಾನ. ಈ ಟಿಪ್ ಕೂಡಿಸಿದಾವ್ರು ಯಾರು?” ಎಂದರು.

ನಾವು ಸುಮ್ಮನಿದ್ದೆವು.

“ಹಾಸಿಗಿ ಝಾಡಿಸದ ಮಲಗಿಸೀಯಲ್ಲೋ ತಮ್ಮಾ,” ಎಂದು ಹೇಳಿ, ಪೀಠವನ್ನು ನಮ್ಮ ಅಂಗೈಗೆ ಹಾಕಿ ಅವರು ತಮ್ಮ ಲೇತಿಗೆ ಹೊರಟುಹೋದರು. ಸೇಠರಿಗೆ ಅವರು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಅವರು ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಹುಡುಗನು ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ಬಂದು ಎಂದಿನಂತೆ ನಮ್ಮ ಲೇತಿನ ಕೆಳಗಿನ ಚೂರುಗಳನ್ನು ಗುಡಿಸುತ್ತಿದ್ದ. ಕೀಲಿಯನ್ನು ಕಂಡರೆ ಮಾತ್ರ ದೂರ ಸರಿಯುತ್ತಿದ್ದ. ತನ್ನ ಕೈಯಲ್ಲಿಯೇ ಏನೋ ದೋಷವಿದೆಯೆಂದು ಅವನು ನಂಬಿಬಿಟ್ಟಿದ್ದ.

ಮೂರನೆಯ ದಿನ ಸಂಜೆ ನಾವು ಸೇಠರ ಮೇಜಿನ ಮೇಲೆ ಆ ಪೀಠವನ್ನಿಟ್ಟು ನಡೆದುದನ್ನು ಹೇಳಿದೆವು. ಅವರು ನೀಲಿ ಚೂರನ್ನು ಉಗುರಿನಿಂದ ಕೆರೆದು ನೋಡಿದರು. ನ್ಯಾಯ ದೊರಕಿತೆಂದು ನೀವು ಎಣಿಸಬಹುದು. ಸೇಠರು ನಮ್ಮ ಹದಿನೈದು ದಿನದ ಪಗಾರವನ್ನೂ ಹಿಡಿದುಕೊಂಡರು, ಹುಡುಗನದನ್ನು ಹಿಂದಿರುಗಿಸಲಿಲ್ಲ. ದಂಡದ ಬೆಲೆ ಇಬ್ಬರದನ್ನು ಕೂಡಿಸಿದರೂ ತುಂಬುವುದಿಲ್ಲವೆಂದರು. ಅದೂ ನಿಜವಿದ್ದೀತು, ಕಾಲ ಹಾಗಿತ್ತು. ಆದ್ದರಿಂದ ಹುಡುಗನ ಹಣವನ್ನು ನಾವೇ ಮುಂದಿನ ಮೂರು ತಿಂಗಳಲ್ಲಿ ಮೂರು ಸಲವಾಗಿ ತೀರಿಸಿದೆವು. ಮೊದಲನೆಯ ಕಂತನ್ನು ಕೈಗಿಟ್ಟು ಏಕೆಂದು ವಿವರಿಸಿದಾಗ ಅವನು ಹಣವನ್ನು ಎಣಿಸಲೂ ಇಲ್ಲ, ಕೋಪಗೊಳ್ಳಲೂ ಇಲ್ಲ. “ಹಂಗಾದ್ರ ನಾ ಬಿಗಿದಿದ್ದು ಸರೀನೇ ಇತ್ತೇನ್ರೀ ಅಣ್ಣಾ?” ಎಂದು ಕೇಳಿದ. ಸರಿಯಾಗಿಯೇ ಇತ್ತೆಂದೆವು. ಅವನು ಇನ್ನೊಮ್ಮೆ ಕೇಳಿದ. ಮುಂದಿನ ವರ್ಷ ಅವನು ಭಿವಂಡಿಯ ಕಡೆ ಬೇರೆ ಕೆಲಸ ಹಿಡಿದು ಹೋದ. ಆಮೇಲೆ ನಾವು ಅವನನ್ನು ಕಾಣಲಿಲ್ಲ.

ಪರೀಕ್ಷೆಯಲ್ಲಿ ಬೀಜಗಣಿತದಲ್ಲಿ ಹೇಗೋ ದಡ ಸೇರಿದೆವು.

ಅಂದಿನಿಂದೀಚೆಗೆ ಈ ಹಿಡಿತದ ವಿದ್ಯೆ ಬಹಳ ಮುಂದುವರಿದಿದೆ. ಮೇಲಿನಿಂದ ಒತ್ತುತ್ತ, ಜೊತೆಗೇ ರಂಧ್ರದಲ್ಲಿ ಕೊಕ್ಕೆಯಿಟ್ಟು ಹಿಂದಕ್ಕೆಳೆಯುವ ‘ಡಿ’ ಎಂಬ ಗಟ್ಟಿಮುಟ್ಟಾದ ಬಗೆ ಬಂದಿದೆ. ನಮ್ಮ ದಂಡಕ್ಕೆ ಬೇಕಾಗಿದ್ದುದು ಅದೇ. ಸನ್ನೆಯ ಹಿಡಿತ ಅಲಗನ್ನು ಗೋಡೆಗೆ ಚೆನ್ನಾಗಿ ಎಳೆಯುತ್ತದೆಯೇ ಹೊರತು ಕೆಳಕ್ಕೆ ಅಷ್ಟು ಬಲವಾಗಿ ಒತ್ತುವುದಿಲ್ಲ. ಏಟು ಬೀಳುವ ಕೆಲಸಕ್ಕೆ ಅದನ್ನು ಆರಿಸಿದ್ದೇ ಅರ್ಧ ತಪ್ಪು. ತಿರುಪುಗಳ ತಲೆಯಲ್ಲಿ ಈಗ ಆರು ದಳದ ಹೂವಿನಂಥ ಗುಳಿಯಿರುತ್ತದೆ, ಕೀಲಿ ಜಾರುವುದಿಲ್ಲ. ಹೇಳಿದಷ್ಟು ಬಲವಾದೊಡನೆ ‘ಟಕ್’ ಎಂದು ಸದ್ದುಮಾಡಿ ನಿಲ್ಲುವ ಕೀಲಿಗಳು ಬಂದಿವೆ. ತಿರುಪೂ ದಣಿಯುತ್ತದೆಂದು, ಅದನ್ನು ಆಗಾಗ ಬದಲಿಸಬೇಕೆಂದು ಪೆಟ್ಟಿಗೆಯ ಮ್ಯಾಲೆಯೇ ಬರೆದಿರುವುದನ್ನು ಕಂಡಿದ್ದೇವೆ. ಆದರೂ ಯಾವ ಕೀಲಿಯ ‘ಟಕ್’ ಸದ್ದೂ ಪೀಠದಲ್ಲಿ ಚೂರಿದೆಯೋ ಇಲ್ಲವೋ ಎಂಬುದನ್ನು ಹೇಳಲಾರದು.

ಕುರ್ಲಾದ ಆ ಗಾಲಾ ಇದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡ ನಿಂತಿದೆ. ಕಾಕಾ ಊರಿಗೆ ಹಿಂದಿರುಗಿ, ಅಲ್ಲಿಯೇ ತೀರಿಕೊಂಡರು. ನಾವು ಗಣಕಯಂತ್ರ ನಡೆಸುವ ಲೇತುಗಳಿರುವ ಕಾರಖಾನೆಯೊಂದರಲ್ಲಿ ಹಲವು ವರ್ಷ ಮೇಲ್ವಿಚಾರಕರಾಗಿದ್ದು ನಿವೃತ್ತರಾದೆವು. ಹೊಸ ಹುಡುಗರು ಅಲಗು ಬದಲಿಸುವಾಗ ನಾವು ಅವರ ಬಲಗೈಯನ್ನು ನೋಡುತ್ತಿರಲಿಲ್ಲ. ಎಡಗೈಯ ಹೆಬ್ಬೆರಳು ಗೂಡಿನೊಳಗೆ ಒಂದು ಸಲ ಸುಳಿದಾಡಿತೆ ಎಂದಷ್ಟೇ ನೋಡುತ್ತಿದ್ದೆವು. ಗಾಳಿಯ ಕೊಳವೆಯಿಂದ ಊದಿ, ಬಟ್ಟೆಯಿಂದ ಒರೆಸಿ, ಆಮೇಲೆಯೂ ಬೆರಳಿನಿಂದ ಸವರಿ ನೋಡುವವನ ಕೈಗೆ ಯಾವ ದಂಡವನ್ನಾದರೂ ಕೊಟ್ಟು ನಾವು ಚಹಾಕ್ಕೆ ಹೋಗಬಲ್ಲವರಾಗಿದ್ದೆವು.

ಆ ಪೀಠ ನಮ್ಮ ಬಳಿ ಉಳಿದಿತ್ತು. ಈ ಲೇಖನದೊಂದಿಗೆ ಅದನ್ನೂ ಗುರುಗಳ ಕೈಗೆ ಕೊಟ್ಟಿದ್ದೇವೆ. ವಿಜ್ಞಾನದ ಕೊಠಡಿಯ ಕಪಾಟಿನಲ್ಲಿ, ಅಯಸ್ಕಾಂತಗಳ ಪಕ್ಕದಲ್ಲಿ, ಬೆಂಕಿಪೊಟ್ಟಣದೊಳಗೆ ಇಟ್ಟಿದ್ದಾರೆ. ಕೇಳಿದರೆ ತೆಗೆದುಕೊಡುತ್ತಾರೆ. ನೀಲಿ ಬಣ್ಣ ಈಗ ಮಾಸಿದೆ. ಕಣ್ಣಿಗೆ ಚೂರು ಕಾಣಿಸದಿರಬಹುದು. ಹೆಬ್ಬೆರಳಿನ ಉಗುರನ್ನು ಒಡೆದ ಮೂಲೆಯ ಕಡೆಯಿಂದ ನಡುವಿನ ರಂಧ್ರದ ಕಡೆಗೆ ಮೆಲ್ಲನೆ ಎಳೆಯಿರಿ, ತಗಲುತ್ತದೆ.